ಸೊಸೆ ಕೂಗಿದಾಗ

ಮಗಳ ಒಂದು ಜಡೆ ಮುಗಿದಿತ್ತು. ಇನ್ನೊಂದು ಬದಿಯ ಕೂದಲನ್ನು ಮೂರು ಎಳೆ ಮಾಡಿ ಹಿಡಿದಿದ್ದಳಷ್ಟೆ, ಫೋನು ಬಡಿದುಕೊಳ್ಳತೊಡಗಿತು.

"ಹೊಸ ಸಿಸ್ಟರ್ ಅಲ್ವಾ? ಡಯಾಲಿಸಿಸ್ ವಾರ್ಡಿಂದ ಮಾತಾಡ್ತಿರೋದು. ನಾಳೆ ಬರೋದು ಬಿಡಿ, ಇವತ್ತೇ ಬನ್ನಿ. ಈಗಲೇ! ಇಬ್ಬರು ರಜಾ ಹಾಕಿ ಕೂತಿದ್ದಾರೆ, ಪೇಷೆಂಟುಗಳೆಲ್ಲ ಬಂದಾಗಿದೆ."

"ಮೇಡಂ, ಮಗಳನ್ನ ಸ್ಕೂಲಿಗೆ..."

"ಕರ್ಕೊಂಡೇ ಬಾಮ್ಮಾ. ನಮ್ಮಲ್ಲೇನು ಹುಲಿ ಕರಡಿ ಇಲ್ಲ!"

ಫೋನ್ ಕಟ್ ಆಯಿತು.

ಮಗಳು ಏನೂ ಕೇಳಲಿಲ್ಲ. ಬಿಚ್ಚಿಕೊಂಡ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ರಿಬ್ಬನ್ನನ್ನು ಮುಷ್ಟಿಯಲ್ಲಿ ಹಿಡಿದು, ಶೂ ಹಾಕಿಕೊಳ್ಳಲು ಬಾಗಿಲ ಬಳಿ ಹೋಗಿ ಕುಳಿತಳು.

ಆರು ವರ್ಷದ ಮಗು ಏನನ್ನೂ ಕೇಳದಿದ್ದರೆ ತಾಯಿಗೆ ಸಮಾಧಾನವಾಗಬೇಕೋ, ಸಂಕಟವಾಗಬೇಕೋ? ಇವಳಿಗೆ ಸಂಕಟವೇ ಆಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಮೊದಲು ಅಜ್ಜಿಯ ಮನೆ, ಅಜ್ಜಿ ಹೋದ ಮೇಲೆ ಸೋದರಮಾವನ ಮನೆ, ಈಗ ಈ ಬಾಡಿಗೆ ಕೋಣೆ. ಪ್ರತಿ ಸಲವೂ ಮಗು ತುಟಿ ಬಿಚ್ಚದೆ ಅಮ್ಮನ ಹಿಂದೆ ಬಂದಿತ್ತು. ಯಾಕೆ ಅಂತ ಇಲ್ಲ, ಎಷ್ಟು ದಿನ ಅಂತ ಇಲ್ಲ.

ಡಯಾಲಿಸಿಸ್ ವಾರ್ಡೆಂದರೆ ಉದ್ದನೆಯ ಒಂದು ಹಾಲು. ಕಿಡ್ನಿ ಕೈಕೊಟ್ಟವರು ವಾರದಲ್ಲಿ ಮೂರು ಸಲ ಬಂದು, ಯಂತ್ರದ ಪಕ್ಕದಲ್ಲಿ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಹೋಗುವ ಜಾಗ. ಅವಳು ಮಗಳ ಕೈ ಹಿಡಿದು ಒಳಗೆ ಕಾಲಿಡುತ್ತಿದ್ದಂತೆ ಒಂದು ಯಂತ್ರದ ಹಿಂದಿನಿಂದ ಗಂಡಸೊಬ್ಬ ಎದ್ದು ನಿಂತ. ಹಲ್ಲಿನ ನಡುವೆ ಸ್ಕ್ರೂಡ್ರೈವರ್!

ಅವನ ಕಣ್ಣು ಅವಳ ಮೇಲೆ ಬಿತ್ತು. ಒಂದು ಗಳಿಗೆ ಅಲ್ಲೇ ನಿಂತುಬಿಟ್ಟಿತು. ಅವಳೂ ಯಾಕೋ ಕಣ್ಣು ತೆಗೆಯಲು ಮರೆತಳು.

ಅವನೇ ಮೊದಲು ಎಚ್ಚೆತ್ತು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡ. "ಇದೇನ್ ಮರೀ, ಅರ್ಧ ಮಾತ್ರ ರೆಡಿಯಾಗಿ ಬಂದಿದೀಯ?"

ಅಷ್ಟರಲ್ಲಿ ವಾರ್ಡಿನ ಹಿರಿಯ ನರ್ಸ್ ಬಂದು ಅವಳ ಕೈಗೆ ಏಪ್ರನ್ ತುರುಕಿದರು. ಎಲ್ಲರೂ ಆಕೆಯನ್ನು ದೊಡ್ಡಕ್ಕ ಎನ್ನುತ್ತಿದ್ದರು. "ಏ ರಿಪೇರಿ, ಮಗೂನ ಟೀ ರೂಮಲ್ಲಿ ಕೂರಿಸೋ. ನೀನು ಬಾಮ್ಮಾ, ಆ ಹಾಸಿಗೆ ನಿಂದು."

ರಿಪೇರಿ! ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್‌ಗೆ ವಾರ್ಡಿನವರು ಇಟ್ಟ ಹೆಸರು ಅದು.

ಮೊದಲ ರೋಗಿಗೆ ಸೂಜಿ ಹಾಕಿ ತಲೆಯೆತ್ತಿದಾಗ ಅವಳಿಗೆ ಟೀ ರೂಮಿನ ಗಾಜಿನ ಬಾಗಿಲಾಚೆ ಕಂಡದ್ದೇನು? ಆ ಮನುಷ್ಯ ಕೈ ತೊಳೆದುಕೊಂಡು ಬಂದು ಮಗಳ ಹಿಂದೆ ಕುರ್ಚಿ ಎಳೆದುಕೊಂಡು ಕೂತಿದ್ದಾನೆ. ಜಡೆ ಹೆಣೆಯುತ್ತಿದ್ದಾನೆ! ಎಳೆ ಸಡಿಲವಾಗದ ಹಾಗೆ, ಮಗುವಿಗೆ ನೋವಾಗದ ಹಾಗೆ. ಕೊನೆಗೆ ರಿಬ್ಬನ್ನು ಗಂಟು ಹಾಕಿ, ಅವಳು ಕಟ್ಟಿದ್ದ ಜಡೆಯ ಜೊತೆ ಅಳತೆ ಹಿಡಿದು ನೋಡಿದ. ಮಗಳು ನಕ್ಕಳು.

ಎಷ್ಟು ತಿಂಗಳಾಗಿತ್ತು ಆ ನಗು ನೋಡಿ...

ಅವಳ ಎದೆಯೊಳಗೆ ಏನೋ ಒಂದು ಮೆಲ್ಲನೆ ಮಗ್ಗುಲು ಬದಲಿಸಿತು.

ಆದರೆ ಆ ಖುಷಿ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಟೀ ಹೊತ್ತಿಗೆ ದೊಡ್ಡಕ್ಕ ಕರೆದರೆಂದು ಅವಳೂ ಹೋಗಿ ಮೂಲೆಯಲ್ಲಿ ನಿಂತಿದ್ದಳು. ಆರೇಳು ಜನ, ಒಂದೇ ಮೇಜು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ರಿಪೇರಿ ಲೋಟ ಕೆಳಗಿಟ್ಟು ಹೇಳಿದ, "ಅಬ್ಬಾ, ಇವತ್ತು ಬೆಳಿಗ್ಗೆಯಿಂದ ನಮ್ಮ ಅತ್ತೇದು ಒಂದೇ ಸಮ ಕೂಗಾಟ! ತಲೆ ಮೇಲೆ ಒಂದು ತಟ್ಟಿದೆ ನೋಡಿ, ತೆಪ್ಪಗಾದ್ಲು."

ಎಲ್ಲರೂ ಗೊಳ್ಳೆಂದು ನಕ್ಕರು.

ಅವಳು ಲೋಟವನ್ನು ತುಟಿಯಿಂದ ಇಳಿಸಿದಳು. 'ಅತ್ತೆ... ಅಂದರೆ ಹೆಂಡತಿಯ ತಾಯಿ! ಇವನಿಗೆ ಮದುವೆಯಾಗಿದೆ. ಮನೆಯಲ್ಲಿ ಹೆಣ್ಣುಮಗುವೂ ಇರಬೇಕು, ಇಲ್ಲದಿದ್ದರೆ ಗಂಡಸಿನ ಕೈಗೆ ಜಡೆ ಹೆಣೆಯಲು ಎಲ್ಲಿ ಬರುತ್ತೆ? ಹೆಂಡತಿಯ ತಾಯಿಯ ತಲೆಗೆ ಹೊಡೆದದ್ದನ್ನು ನಗುನಗುತ್ತಾ ಹೇಳುವ ಮನುಷ್ಯ! ಇವನನ್ನು ನೋಡಿ ನನ್ನ ಮನಸ್ಸು... ಥೂ!'

ಅರ್ಧ ಟೀ ಬಿಟ್ಟು ಹೊರಗೆ ಬಂದಳು. ಮತ್ತೆ ಆ ಕೋಣೆಯ ಕಡೆ ತಲೆ ಹಾಕಲಿಲ್ಲ.

ಆಮೇಲಿನ ದಿನಗಳೆಲ್ಲ ಒಂದೇ ತರಹ. ಆಫೀಸಿನವರು ಕೊಟ್ಟ ಫೈಲುಗಳನ್ನು ಅವಳು ಓದಿ ಅರೆದು ಕುಡಿದಿದ್ದಳು. ಯಾವ ಯಂತ್ರಕ್ಕೆ ಯಾವ ನಂಬರು, ಯಾವ ರೋಗಿಗೆ ಯಾವ ಔಷಧ, ಎಲ್ಲ ಬಾಯಿಪಾಠ. ಕೆಲಸದಲ್ಲಿ ಬೆರಳು ತೋರಿಸುವ ಹಾಗಿರಲಿಲ್ಲ. ಆದರೂ ತಿಂಗಳು ತುಂಬುತ್ತ ಬಂದರೂ ಎಲ್ಲರಿಗೂ ಅವಳು 'ಹೊಸ ಸಿಸ್ಟರ್' ಆಗಿಯೇ ಉಳಿದಿದ್ದಳು.

ಊಟದ ಡಬ್ಬಿ ಬಿಚ್ಚುತ್ತಿದ್ದದ್ದು ಬಟ್ಟೆ ಬದಲಿಸುವ ಕೋಣೆಯಲ್ಲಿ, ಕಬ್ಬಿಣದ ಬೀರುಗಳ ಎದುರಿಗೆ. ಟೀ ರೂಮಿನ ನಗು ಗೋಡೆ ದಾಟಿ ಬರುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ. ಸ್ಕೂಲ್ ವ್ಯಾನಿನಿಂದ ಇಳಿದ ಮಗಳು ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕೂತು ಹೋಂವರ್ಕ್ ಮಾಡುತ್ತಿದ್ದಳು.

"ಟೀ ರೂಮಿಗೆ ಹೋಗ್ಬಾರ್ದು ಮರೀ. ಆ ಅಂಕಲ್‌ಗೆ ಅವರ ಮನೆ, ಅವರ ಜನ ಇದ್ದಾರೆ. ನಾವು ತೊಂದರೆ ಕೊಡಬಾರದು."

ಮಗಳು ತಲೆಯಾಡಿಸಿದಳು. ಯಾಕೆ ಅಂತ ಕೇಳಲಿಲ್ಲ.

ರಿಪೇರಿಯಂತೂ ಬಿಡಲಿಲ್ಲ. ದಿನಾ ಒಂದು ಲೋಟ ಟೀ ತಂದು ಅವಳ ಮೇಜಿನ ಮೇಲೆ ಮುಚ್ಚಿಟ್ಟು ಹೋಗುತ್ತಿದ್ದ. ದಿನಾ ಅದು ತಣ್ಣಗಾಗುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ. "ಸಿಸ್ಟರ್, ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ. ಕೆಲಸ ಇದೆ."

"ಕೆಲಸ ಎಲ್ರಿಗೂ ಇದೆ. ಹತ್ತು ನಿಮಿಷ ಬಂದು ಕೂತ್ರೆ..."

"ನಂಗೆ ಟೀ ಸೇರಲ್ಲ."

ಸುಳ್ಳು! ಮನೆಯಲ್ಲಿ ಬೆಳಿಗ್ಗೆ ಎರಡು ಲೋಟ ಕುಡಿದೇ ಬಂದಿದ್ದಳು. ಅವನು ಮುಖ ಸಣ್ಣದು ಮಾಡಿಕೊಂಡು ಹೋದ. ಅವಳು ತುಟಿ ಕಚ್ಚಿಕೊಂಡು ಬ್ಯಾಂಡೇಜು ಸುತ್ತಿದಳು.

ಮಾತಾಡುವವರು ಯಾರೂ ಇಲ್ಲದವರ ಕಣ್ಣು ಚುರುಕಾಗುತ್ತದೆ. ಅವಳು ರೋಗಿಗಳನ್ನು ನೋಡುತ್ತ ಕೂರುತ್ತಿದ್ದಳು. ಅವರಲ್ಲಿ ಮೇಷ್ಟ್ರೆಂದರೆ ಅವಳಿಗೆ ಅಕ್ಕರೆ. ನಿವೃತ್ತ ಶಾಲಾ ಮೇಷ್ಟ್ರು, ನಾಲ್ಕನೇ ನಂಬರ್ ಯಂತ್ರ. "ಈಗ ಚುಚ್ತೀನಿ ಮೇಷ್ಟ್ರೇ" ಅಂದರೆ, "ಚುಚ್ಚುತ್ತೇನೆ ಅನ್ನಮ್ಮಾ. ನೋವು ಅಷ್ಟೇ ಇರಲಿ, ಭಾಷೆಯಾದರೂ ಶುದ್ಧವಾಗಿರಲಿ" ಅನ್ನುವವರು.

ಅವರಲ್ಲಿ ಅವಳು ಒಂದು ವಿಷಯ ಗಮನಿಸಿದ್ದಳು. ಮೇಷ್ಟ್ರು ಸುಮ್ಮಸುಮ್ಮನೆ ಆಕಳಿಸಿದರೆ, ಸ್ವಲ್ಪ ಹೊತ್ತಿನಲ್ಲೇ ಅವರ ಬಿಪಿ ಇಳಿಯುತ್ತಿತ್ತು. ಹಾಗಾಗಿ ಆಕಳಿಕೆ ಕಂಡ ಕೂಡಲೇ ಹೋಗಿ ಬಿಪಿ ನೋಡಿ, ಕಾಲ ಕೆಳಗೆ ದಿಂಬು ಕೊಟ್ಟುಬಿಡುತ್ತಿದ್ದಳು.

ಇದನ್ನು ಹೇಳಬೇಕು ಅನ್ನಿಸುತ್ತಿತ್ತು. ಯಾರಿಗೆ ಹೇಳುವುದು?

ಅಣ್ಣ ಫೋನ್ ಮಾಡಿದಾಗ "ಎಲ್ಲ ಚೆನ್ನಾಗಿದೆ" ಎನ್ನುತ್ತಿದ್ದಳು. "ಸರಿಹೋಗ್ಲಿಲ್ಲಾಂದ್ರೆ ಬಂದ್ಬಿಡು" ಎಂದು ಅಣ್ಣ ಅನ್ನುವಾಗ ಹಿನ್ನೆಲೆಯಲ್ಲಿ ಅತ್ತಿಗೆ ಪಾತ್ರೆಗಳನ್ನು ಇಡುವ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸುತ್ತಿತ್ತು. ಆ ಮನೆಗೆ ಮತ್ತೆ ಹೋಗಬಾರದು ಅಂತಲೇ ಅವಳು ಈ ಕೆಲಸ ಹಿಡಿದದ್ದು. ಈ ಕೆಲಸ ಹೋದರೆ ಮಗಳೂ ಅವಳೂ ಮತ್ತೆ ಆ ಹಾಲಿನ ಮೂಲೆಯ ಚಾಪೆಗೆ.

ಹೀಗಿರುವಾಗ ಒಂದು ಮಧ್ಯಾಹ್ನ ವಾರ್ಡು ತುಂಬಿತ್ತು. ಒಂದು ಯಂತ್ರ ಬೆಳಗಿನಿಂದ ಬೀಪ್ ಬೀಪ್ ಎಂದು ಎಲ್ಲರ ತಲೆ ತಿನ್ನುತ್ತಿತ್ತು. ರೋಗಿಗಳ ಮನೆಯವರು ಹೊರಗೆ ಕೂತಿದ್ದರು. ಮೇಷ್ಟ್ರ ಸೊಸೆಯೂ ಅಲ್ಲೇ ಇದ್ದಳು, ಮಗಳ ಬೆಂಚಿನ ಆ ತುದಿಯಲ್ಲಿ.

ಮೇಷ್ಟ್ರು ಆಕಳಿಸಿದರು.

ಅವಳಿಗೆ ಕಂಡಿತು. ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಅತ್ತ ಹೆಜ್ಜೆ ಹಾಕಿದಳು. ಅದೇ ಹೊತ್ತಿಗೆ ಹಾಲಿನ ಆ ತುದಿಯಿಂದ ರಿಪೇರಿಯ ಕೂಗು. ಅವನು ಒಬ್ಬ ರೋಗಿಯ ಸೂಜಿ ತೆಗೆದು, ರಕ್ತ ನಿಲ್ಲಲೆಂದು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಬಿಟ್ಟು ಬರುವ ಹಾಗಿರಲಿಲ್ಲ.

"ಸಿಸ್ಟರ್! ಮೇಷ್ಟ್ರ ಸೊಸೆ ಕೂಗ್ತಿದ್ದಾಳೆ! ಬೇಗ ನೋಡಿ, ಓಡಿ!"

ಸೊಸೆ? ಹೊರಗೆ ಕೂತಿರುವ ಸೊಸೆ! ಅದೇ ಬೆಂಚಿನಲ್ಲಿ ಮಗಳೂ ಇದ್ದಾಳೆ... ಅಯ್ಯೋ, ಏನಾಯಿತೋ!

ವಾರ್ಡಿನ ಬೀಪ್ ಸದ್ದಿಗೆ ಕಿವಿಗೊಡದೆ, ಅವಳು ಮೇಷ್ಟ್ರ ಹಾಸಿಗೆಯನ್ನು ದಾಟಿಕೊಂಡೇ ಹೊರಗೆ ಓಡಿದಳು.

ಸೊಸೆ ಹಾಯಾಗಿ ಫೋನ್ ನೋಡುತ್ತ ಕೂತಿದ್ದಳು. ಮಗಳು ರಬ್ಬರಿನಿಂದ ಏನನ್ನೋ ಅಳಿಸುತ್ತಿದ್ದಳು.

"ಏನಾಯ್ತು? ಯಾಕ್ ಕೂಗಿದ್ರಿ?"

"ನಾನಾ? ನಾನ್ಯಾಕೆ ಕೂಗ್ಲಿ ಸಿಸ್ಟರ್?"

ಒಳಗಿನಿಂದ ದೊಡ್ಡಕ್ಕ ಕೂಗುವುದು ಕೇಳಿಸಿತು. ವಾಪಸ್ ಓಡಿ ಬಂದಾಗ ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ದೊಡ್ಡಕ್ಕ ಅವರ ಕಾಲು ಎತ್ತಿಟ್ಟು ಸಲೈನ್ ಬಿಡುತ್ತಿದ್ದರು.

"ಎಲ್ಲಿಗ್ ಹೋಗಿದ್ದೆ? ಸೊಸೆ ಬಾಯಿ ಬಡ್ಕೊಳ್ತಿದ್ರೆ ಹೊರಗಡೆ ಓಡ್ತಾರಾ ಯಾರಾದ್ರೂ?"

"ಸೊಸೇನ ನೋಡೋಕೇ..." ಅವಳು ಬಾಗಿಲ ಕಡೆ ಕೈ ತೋರಿಸಿದಳು.

ಡಾಕ್ಟರು ಬಂದರು. ಮೇಷ್ಟ್ರು ಮೆಲ್ಲಗೆ ಕಣ್ಣು ಬಿಟ್ಟರು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಡಾಕ್ಟರು ಹೋಗುವಾಗ ಅವಳ ಕಡೆ ತಿರುಗಿ, "ಇದನ್ನ ಹೀಗೇ ಬಿಡೋಕಾಗಲ್ಲ. ಶಿಫ್ಟ್ ಮುಗೀಲಿ, ಎಲ್ಲರೂ ಟೀ ರೂಮಿಗೆ ಬನ್ನಿ" ಅಂದರು.

ಅವಳು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದಳು.

"ಬಂದ್ಬಿಡ್ತೀವಿ ಅಣ್ಣಾ."

ಆ ಕಡೆ ಪಾತ್ರೆಗಳ ಸದ್ದು ನಿಂತಿತು. ಆಮೇಲೆ, "ಸರಿ ಬಾ... ಅತ್ತಿಗೆಗೆ ಹೇಳ್ತೀನಿ."

ಬಾಗಿಲು ತಟ್ಟಿದ ಸದ್ದು. ರಿಪೇರಿ ಹೊರಗೇ ನಿಂತಿದ್ದ. "ಸಿಸ್ಟರ್, ಮೇಷ್ಟ್ರು ನಿಮ್ಮನ್ನ ಕರೀತಿದ್ದಾರೆ."

ಅವಳು ಕಣ್ಣೊರೆಸಿಕೊಂಡು ಹೋದಳು. ಮೇಷ್ಟ್ರ ದನಿ ಸೋತಿತ್ತು, ಕಣ್ಣಿನಲ್ಲಿ ಮಾತ್ರ ತುಂಟತನ ಹಾಗೇ ಇತ್ತು.

"ಸೊಸೆ ಸಿಕ್ಕಳೇನಮ್ಮಾ?"

"ಮೇಷ್ಟ್ರೇ, ನನ್ನನ್ನ ಕ್ಷಮಿಸಿ..."

"ಇಲ್ಲಿ ನೋಡು." ಅವರು ಪಕ್ಕದ ಯಂತ್ರದ ಮೇಲೆ ಕೈಯಿಟ್ಟರು. "ಇವಳೇ ಸೊಸೆ. ಬಾಯೇ ಬಿಡುವುದಿಲ್ಲ. ಬಿಟ್ಟಳೆಂದರೆ ನಿಜವಾಗಿಯೂ ಏನೋ ಆಗಿದೆ ಎಂದರ್ಥ. ಅಲ್ಲಿ ಸುಮ್ಮಸುಮ್ಮನೆ ಅರಚುತ್ತಿದ್ದಾಳಲ್ಲ, ಆಕೆ ಅತ್ತೆ. ನಮಗೆಲ್ಲ ಗೊತ್ತು. ನಿನಗೆ ಯಾರೂ ಹೇಳಲಿಲ್ಲವೇ?"

ಅವಳು ಆ ಯಂತ್ರವನ್ನು ನೋಡಿದಳು. ಈ ಯಂತ್ರವನ್ನು ನೋಡಿದಳು. ಅವತ್ತು ತಲೆ ಮೇಲೆ ತಟ್ಟಿಸಿಕೊಂಡ ಅತ್ತೆಯೂ ಯಂತ್ರವೇ! ಫೈಲಿನಲ್ಲಿ ನಂಬರುಗಳಿದ್ದವು. ಹೆಸರುಗಳು ಟೀ ರೂಮಿನಲ್ಲಿದ್ದವು!

ಶಿಫ್ಟ್ ಮುಗಿಯಿತು. ಟೀ ರೂಮಿನಲ್ಲಿ ಯಾರೂ ಲೋಟ ಮುಟ್ಟಿರಲಿಲ್ಲ. ಮಗಳು ಅಮ್ಮನ ಸೆರಗು ಹಿಡಿದು ಒಳಗೆ ಬಂದು, ಮೂಲೆಯ ಸ್ಟೂಲಿನ ಮೇಲೆ ಪುಸ್ತಕ ಬಿಚ್ಚಿಕೊಂಡಳು.

"ತಪ್ಪು ಯಾರದು?" ಡಾಕ್ಟರು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ರಿಪೇರಿ ಎದ್ದ. "ನಂದು ಸರ್. ಹೆಸರಿಟ್ಟೋನು ನಾನು. ಕೂಗಿದ್ದೂ ನಾನು. ಯಾವ ಯಂತ್ರ ಯಾವಾಗ ಮುನಿಸ್ಕೊಳ್ಳುತ್ತೆ, ಯಾರಿಗೆ ಯಾವ ಕೈಯಲ್ಲಿ ಸೂಜಿ ಸುಲಭ, ನಾವು ಕಲ್ತಿದ್ದೆಲ್ಲ ಇದೇ ಮೇಜಿನ ಸುತ್ತ ಹರಟೆ ಹೊಡೀತಾ ಕಲ್ತಿದ್ದು. ಅವರು ಈ ಬಾಗಿಲ ಆಚೆ ಉಳಿದ್ರು. ಯಾಕೆ ಉಳಿದ್ರು ಅಂತ ನಾವು ಸರಿಯಾಗಿ ಕೇಳ್ಲೇ ಇಲ್ಲ."

"ನನ್ನದೂ ತಪ್ಪಿದೆ." ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ನಾನೇ ಬರ್ಲಿಲ್ಲ. ಅತ್ತೆ ಅಂದ್ರೆ... ಇವರ ಮನೆಯ ಅತ್ತೆ ಅಂದ್ಕೊಂಡೆ. ಹೆಂಡತಿಯ ತಾಯಿಗೆ ತಲೆ ಮೇಲೆ ಹೊಡೀತಾರೆ, ಎಲ್ಲರೂ ಅದಕ್ಕೆ ನಗ್ತಾರೆ, ಎಂಥಾ ಜನ ಇವರು ಅಂತ..."



ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ನನ್ ತಾಯೀ! ಇವನಿಗೆ ಹೆಂಡ್ತಿಗೇ ಗತಿಯಿಲ್ಲ, ಅತ್ತೆ ಎಲ್ಲಿಂದ ಬರ್ತಾಳೆ!"

ಡಾಕ್ಟರು ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ರಿಪೇರಿ ಒಬ್ಬನೇ ನಗಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ... ತಣ್ಣಗಾದ ಅಷ್ಟೂ ಲೋಟಗಳ ಅರ್ಥ ಅವನಿಗೆ ಈಗ ಆಗುತ್ತಿತ್ತು.

"ಇನ್ನೊಂದು ವಿಷಯ ಹೇಳ್ಬೇಕಿತ್ತು." ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಮೇಷ್ಟ್ರು ಆಕಳಿಸಿದ್ರೆ ಬಿಪಿ ಇಳಿಯೋ ಸೂಚನೆ. ನಾನು ತುಂಬಾ ಸಲ ನೋಡಿದೀನಿ. ಇವತ್ತೂ ಆಕಳಿಸಿದ್ರು, ನಾನು ಅವರ ಹತ್ರಾನೇ ಹೋಗ್ತಿದ್ದೆ. ನಿಮಗೆ ಯಾರಿಗಾದ್ರೂ ಮೊದ್ಲೇ ಹೇಳಿದ್ದಿದ್ರೆ, ಹತ್ತಿರ ಇದ್ದೋರು ಯಾರಾದ್ರೂ ನೋಡ್ಕೊಳ್ತಿದ್ರು."

ನಗು ನಿಂತಿತು. ದೊಡ್ಡಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟರು. "ಇಷ್ಟು ದಿನ ಇದನ್ನ ಒಬ್ಳೇ ಹೊತ್ಕೊಂಡು ತಿರುಗ್ತಿದ್ಯಾ ಮಗಳೇ?"

ಹೊಸ ಸಿಸ್ಟರ್ ಅಲ್ಲ. ಮಗಳೇ!

ಡಾಕ್ಟರು ಎದ್ದರು. "ಯಂತ್ರಗಳ ಹೆಸರು ನಾಳೆ ಫೈಲಿಗೂ ಹೋಗ್ಲಿ. ಆದ್ರೆ ಹೊಸಬರು ಯಾರೇ ಬರ್ಲಿ, ಮೊದಲು ಈ ಮೇಜಿಗೆ ಕೂರಿಸಿ, ಆಮೇಲೆ ಫೈಲು ಕೊಡಿ. ನೀವು ನಾಳೆ ಬೆಳಿಗ್ಗೆ ಮಾಮೂಲಿ ಹಾಗೆ ಬನ್ನಿ, ಸಿಸ್ಟರ್."

ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಕೊನೆಯಲ್ಲಿ ದೊಡ್ಡಕ್ಕ ಬಾಗಿಲಲ್ಲಿ ನಿಂತು, "ಏ ರಿಪೇರಿ, ಇನ್ಮೇಲಾದ್ರೂ ಅವಳನ್ನ ಸಿಸ್ಟರ್ ಅನ್ನೋದು ಬಿಡೋ. ನಿನ್ನ ಬಾಯಲ್ಲಿ ಕೇಳೋಕೆ ಚೆನ್ನಾಗಿರಲ್ಲ" ಎಂದು ಹೋಗಿಬಿಟ್ಟರು.

ಕೋಣೆಯಲ್ಲಿ ಮೂವರೇ ಉಳಿದರು.

"ನಾನು ಅಣ್ಣನಿಗೆ ಬರ್ತೀವಿ ಅಂತ ಹೇಳ್ಬಿಟ್ಟಿದೀನಿ," ಅಂದಳು ಅವಳು, ನೆಲ ನೋಡುತ್ತ.

"ಯಾವಾಗ?"

"ಇವತ್ತು. ಕೆಲಸ ಹೋಯ್ತು ಅಂದ್ಕೊಂಡೆ."

"ಹೋಗಿಲ್ವಲ್ಲ!"

"ಕೆಲಸ ಹೋಗಿಲ್ಲ. ಆದ್ರೆ..." ಸಂಜೆ ಆ ಬಾಡಿಗೆ ಕೋಣೆಗೆ ಹೋಗಿ ಬೀಗ ತೆಗೆಯುವುದು, ಪಕ್ಕದ ಮನೆಯ ಟೀವಿ ಸದ್ದಿನಲ್ಲಿ ಇಬ್ಬರೇ ಊಟಕ್ಕೆ ಕೂರುವುದು... ಇದನ್ನೆಲ್ಲ ಹೇಗೆ ಹೇಳುವುದು?

"ನಮ್ಮನೆ ಬೀಗಾನೂ ನಾನೇ ತೆಗೀಬೇಕು," ಅಂದ ಅವನು, ಅವಳು ಹೇಳದೇ ಉಳಿಸಿದ್ದಕ್ಕೆ ಉತ್ತರ ಕೊಡುವವನ ಹಾಗೆ. "ಅಮ್ಮ ಹೋದ್ರು. ತಂಗೀಗೆ ದಿನಾ ಜಡೆ ಹಾಕ್ತಿದ್ದೆ, ಅವಳೂ ಮದುವೆಯಾಗಿ ಹೋದ್ಲು. ಮನೇಲಿ ಮಾತಾಡ್ಸೋಕೆ ಯಾರೂ ಇಲ್ಲ. ಅದಕ್ಕೇ ಇಲ್ಲೊಂದು ಸಂಸಾರ ಕಟ್ಕೊಂಡೆ. ಅತ್ತೆ, ಸೊಸೆ, ಭಾವ, ನಾದಿನಿ. ಮಾವ ಮಾತ್ರ ಕೆಟ್ಟು ಸ್ಟೋರಲ್ಲಿ ಕೂತಿದ್ದಾರೆ."

ಅವಳಿಗೆ ನಗು ಬಂತು. ನಗುವಿನ ಜೊತೆಗೆ ಕಣ್ಣೂ ತುಂಬಿತು. ಎಲ್ಲರನ್ನೂ ನಗಿಸುವ ಈ ಮನುಷ್ಯನೂ ಸಂಜೆಯಾದರೆ ತನ್ನ ಹಾಗೆಯೇ!

"ಹೋಗ್ಬೇಡಿ ಅನ್ನೋಕೆ ನಾನ್ಯಾರು..." ಅವನು ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ.

"ಯಾರು ಅಂತ ನೀವೇ ಹೇಳ್ಬೇಕು," ಅಂದಳು ಅವಳು, ತೀರಾ ಮೆಲ್ಲಗೆ.

ಅವನ ಕೈ ನಿಂತಿತು. ಅವಳನ್ನು ನೇರವಾಗಿ ನೋಡಿದ.

"ಎಲ್ಲ ಯಂತ್ರಕ್ಕೂ ಒಂದೊಂದು ಸಂಬಂಧದ ಹೆಸರಿಟ್ಟೆ. ಆದ್ರೆ ಒಂದು ಹೆಸರು ಮಾತ್ರ ಯಾವ ಯಂತ್ರಕ್ಕೂ ಇಡೋಕೆ ಮನಸ್ಸು ಬರ್ಲಿಲ್ಲ. ಆ ಹೆಸರಿನೋಳು ಯಾವತ್ತಾದ್ರೂ ಆ ಬಾಗಿಲಿಂದ ಒಳಗೆ ಬರ್ತಾಳೆ ಅಂತ... ಅವತ್ತು ನೀವು ಬಂದ್ರಿ. ಅವಸರದಲ್ಲಿ, ಮಗಳ ಕೈ ಹಿಡ್ಕೊಂಡು."

ಅವಳ ಕಿವಿ ಬಿಸಿಯಾಯಿತು. ಎದೆ ಹೊಡೆದುಕೊಳ್ಳುವ ಸದ್ದು ಅವನಿಗೂ ಕೇಳಿಸುತ್ತಿದೆಯೇನೋ ಅನ್ನಿಸಿತು. ಅವಳು ಕುರ್ಚಿ ಎಳೆದುಕೊಂಡು, ಆ ಮೇಜಿನ ಎದುರು, ಅವನ ಪಕ್ಕದಲ್ಲಿ ಕುಳಿತಳು.

ಅವನು ಇನ್ನೊಂದು ಲೋಟಕ್ಕೆ ಟೀ ಬಗ್ಗಿಸಿ ಅವಳ ಕಡೆ ಸರಿಸಿದ. "ಟೀ ಸೇರಲ್ಲ ಅಂದಿದ್ರಿ."

"ಸುಳ್ಳು ಹೇಳಿದ್ದೆ."

"ಗೊತ್ತಿತ್ತು."

"ಗೊತ್ತಿದ್ದೂ ದಿನಾ ತಂದಿಡ್ತಿದ್ರಾ?"

"ಒಂದಿನ ಕುಡೀಬಹುದು ಅಂತ..."

ಮೂಲೆಯಲ್ಲಿ ಪೆನ್ಸಿಲ್ಲಿನ ಸದ್ದು ನಿಂತಿತು. ಮಗಳು ಪುಸ್ತಕ ಮುಚ್ಚಿ ಸ್ಟೂಲಿನಿಂದ ಇಳಿದಳು. ಅಮ್ಮನ ಮುಖ ನೋಡಿದಳು. ಅವನ ಮುಖ ನೋಡಿದಳು. ಇಬ್ಬರ ಕುರ್ಚಿಗಳ ನಡುವೆ ಬಂದು, ಎರಡರ ಮೇಲೂ ಒಂದೊಂದು ಕೈಯಿಟ್ಟು ನಿಂತಳು.

"ಅಮ್ಮಾ..."

"ಏನ್ ಮರೀ?"

ಮಗು ಒಂದು ಸಲ ಉಗುಳು ನುಂಗಿತು.

"ಈ ಸಲ ಇಲ್ಲೇ ಇರೋಣ್ವಾ?"